ನೀರಿನೊಳಗಿನ ದೇವಾಲಯ, ದಡದ ಮೇಲಿನ ಸಭೆ: ಶೆಟ್ಟಿಹಳ್ಳಿಯ ಗ್ರಾಮೀಣ ಧರ್ಮಕೇಂದ್ರದ ಚರಿತ್ರೆ

ಉಳವಿಗೆ ಹೋಗುವ ಯಾತ್ರಿಕರು ಜೋಯಿಡಾ ತಾಲೂಕಿನ ದಟ್ಟವಾದ ಕಾಡನ್ನು ಹಾದು ಹೋಗಬೇಕು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾದಾಗ ಚೆನ್ನಬಸವಣ್ಣನವರೂ ಅವರೊಡನಿದ್ದ ಶರಣರೂ ವಚನಗಳ ಕಟ್ಟುಗಳನ್ನು ಹೊತ್ತು ಈ ಕಾಡಿಗೆ ಬಂದರೆಂದೂ, ಚೆನ್ನಬಸವಣ್ಣನವರು ಇಲ್ಲಿಯೇ ಐಕ್ಯರಾದರೆಂದೂ ಶರಣ ಪರಂಪರೆಯು ನಂಬುತ್ತದೆ. ಕಲ್ಯಾಣದ ಮಂಟಪವನ್ನು ಯಾರೂ ಹೊತ್ತು ತರಲಾಗಲಿಲ್ಲ. ಅವರು ತಂದದ್ದು ವಚನಗಳನ್ನು ಮತ್ತು ತಮ್ಮನ್ನು. ಅದೇ ತಾಲೂಕಿನಲ್ಲಿ ನಮ್ಮ ಕಾಲಕ್ಕೆ ಸೇರಿದ ಇನ್ನೊಂದು ಸ್ಥಳಾಂತರದ ಗುರುತೂ ಇದೆ. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣವು ಅಣೆಕಟ್ಟಿನ ನೀರಿನಡಿ ಸೇರಿಹೋಯಿತು. ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. ಹಳೆಯ ಪಟ್ಟಣದ ಹೆಸರು ಈಗ ಬಹುಮಟ್ಟಿಗೆ ಒಂದು ಜಲಾಶಯದ ಹೆಸರಾಗಿ ಉಳಿದಿದೆ.

ಈ ಸೀಮೆಯಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಮುಳುಗಡೆ ಎಂಬ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಮುಳುಗಡೆಯು ದೈವಶಾಸ್ತ್ರದ ಮುಂದೆ ಒಂದು ಪ್ರಶ್ನೆಯನ್ನೂ ಇಡುತ್ತದೆ. ಊರು ನೀರಿಗೆ ಹೋದ ಮೇಲೆ, ದೇವಾಲಯ ಪಾಳುಬಿದ್ದ ಮೇಲೆ, ಒಂದು ಧರ್ಮಕೇಂದ್ರದ ಚರಿತ್ರೆ ಎಲ್ಲಿರುತ್ತದೆ? ಈ ಪ್ರಶ್ನೆಯನ್ನು ಕೇಳಲು ನಮ್ಮ ರಾಜ್ಯದಲ್ಲಿ ಶೆಟ್ಟಿಹಳ್ಳಿಗಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ಕಾಣುತ್ತದೆ.

ಶೆಟ್ಟಿಹಳ್ಳಿಯು ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ನದಿಯ ಕಣಿವೆಯಲ್ಲಿದೆ. ಇಲ್ಲಿಯ ಜಪಮಾಲೆ ಮಾತೆಯ ದೇವಾಲಯವನ್ನು 1860ರ ಸುಮಾರಿಗೆ ಫ್ರೆಂಚ್ ಗುರುಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಳ್ಳಿಯ ಜನರು ಬೇರೆಡೆಗೆ ಹೋದರು. ಅಂದಿನಿಂದ ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ದೇವಾಲಯದ ಗೋಡೆಗಳು ಅರೆಮುಳುಗಿ ನಿಲ್ಲುತ್ತವೆ; ಬೇಸಗೆಯಲ್ಲಿ ನೀರು ಇಳಿದಾಗ ಒಣಗಿದ ಕೆಸರಿನ ಮೇಲೆ ನಡೆದು ಒಳಗೆ ಹೋಗಬಹುದು. ಛಾವಣಿ ಇಲ್ಲ, ಕಮಾನುಗಳಿವೆ. ಛಾಯಾಚಿತ್ರಗಳಿಂದ ಈ ಪಾಳು ದೇವಾಲಯ ಇಂದು ಪ್ರಸಿದ್ಧವಾಗಿದೆ. ಆ ಪ್ರಸಿದ್ಧಿಯಲ್ಲಿ ಒಂದು ಅಪಾಯವೂ ಅಡಗಿದೆ. ಗೋಡೆಗಳನ್ನು ನೋಡಿದವರು ಚರಿತ್ರೆಯನ್ನೇ ನೋಡಿದೆವೆಂದು ತಿಳಿಯುತ್ತಾರೆ.

ಧರ್ಮಕೇಂದ್ರವೊಂದರ ಚರಿತ್ರೆಯನ್ನು ಮೂರು ರೀತಿಯಲ್ಲಿ ಬರೆಯಬಹುದು. ಮೊದಲನೆಯದು, ಅದನ್ನು ನೆಟ್ಟ ಗುರುಗಳ ಮಾತನ್ನು ಆಧಾರವಾಗಿಟ್ಟುಕೊಂಡು ಬರೆಯುವುದು. ಎರಡನೆಯದು, ಕಟ್ಟಡವನ್ನು ಆಧಾರವಾಗಿಟ್ಟುಕೊಂಡು ಬರೆಯುವುದು. ಮೂರನೆಯದು, ಅಲ್ಲಿ ಸ್ನಾನದೀಕ್ಷೆ ಪಡೆದು, ಮದುವೆಯಾಗಿ, ಸತ್ತ ಜನರನ್ನು ಆಧಾರವಾಗಿಟ್ಟುಕೊಂಡು ಬರೆಯುವುದು. ಹಾಸನ ಸೀಮೆಯ ವಿಷಯದಲ್ಲಿ ಮೊದಲಿನ ರೀತಿಯಲ್ಲಿ ಬರೆದರೆ ಚರಿತ್ರೆ 1823ಕ್ಕೆ ನಿರಾಶೆಯಲ್ಲಿ ಮುಗಿಯುತ್ತದೆ. ಎರಡನೆಯ ರೀತಿಯಲ್ಲಿ ಬರೆದರೆ 1979ಕ್ಕೆ ನೀರಿನಲ್ಲಿ ಮುಗಿಯುತ್ತದೆ. ಮೂರನೆಯ ರೀತಿಯಲ್ಲಿ ಬರೆದರೆ ಮಾತ್ರ ಅದು ಇನ್ನೂ ಮುಗಿದಿಲ್ಲ.

ನೆಟ್ಟವರ ತೀರ್ಪು

ಮೈಸೂರು ಸೀಮೆಯಲ್ಲಿ ಕನ್ನಡ ಕಥೋಲಿಕ ಸಭೆಯ ಆರಂಭವು ಹದಿನೇಳನೆಯ ಶತಮಾನದ ನಡುಭಾಗಕ್ಕೆ ಸೇರಿದ್ದು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತರು. 1773ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಜಗದ್ಗುರುಗಳು ಯೇಸುಸಭೆಯನ್ನು ವಿಸರ್ಜಿಸಿದ ಮೇಲೆ ದಕ್ಷಿಣ ಭಾರತದ ಅನೇಕ ಸಭೆಗಳ ಹೊಣೆಯು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಗೆ ಬಂದಿತು. ಆ ಸಂಸ್ಥೆಯ ಗುರುಗಳಲ್ಲಿ ಒಬ್ಬರು ಅಬ್ಬೆ ಜ್ಯಾಂ ಅಂತ್ವಾನ್ ದ್ಯುಬ್ವಾ. ಫ್ರಾನ್ಸಿನ ಆರ್ದೆಶ್ ಪ್ರದೇಶದಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಈ ದೇಶದ ಉಡುಗೆ ತೊಟ್ಟು, ಈ ದೇಶದವರಂತೆ ಉಂಡು ಬಾಳಿದ ಅವರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು.

ಅವರ ಕೈಗೆ ಬಂದದ್ದು ಚದುರಿಹೋದ ಸಭೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಗಿತ್ತು. ಅವರಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಗುರಿಯಾಗಿದ್ದರು. 1799ರ ನಂತರ ಇಂತಹವರಲ್ಲಿ ಬಹುಜನರು ಮರಳಿ ಸಭೆಯ ಬಾಗಿಲಿಗೆ ಬಂದರು. ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದು ದ್ಯುಬ್ವಾ ಬರೆದಿದ್ದಾರೆ. ತಾವು ಹೊರಗೆ ಮಾತ್ರ ಬಗ್ಗಿದ್ದೆವು, ಹೃದಯದಲ್ಲಿ ವಿಶ್ವಾಸವನ್ನು ಕಾಪಾಡಿಕೊಂಡಿದ್ದೆವು ಎಂಬುದು ಆ ಜನರ ಅರಿಕೆಯಾಗಿತ್ತು. ಆದರೆ ಅಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗಲು ಒಬ್ಬನಿಗೂ ಧೈರ್ಯ ಬರಲಿಲ್ಲವೆಂಬುದು ದ್ಯುಬ್ವಾ ಅವರಿಗೆ ದೊಡ್ಡ ನಾಚಿಕೆಯ ವಿಷಯವಾಗಿ ತೋರಿತು. ಸಭಾಚರಿತ್ರೆಯನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಮೂರನೆಯ ಶತಮಾನದಲ್ಲಿ ದೇಸಿಯಸ್ ಚಕ್ರವರ್ತಿಯ ಹಿಂಸೆಯ ನಂತರ ಕಾರ್ಥೇಜಿನ ಸಂತ ಸಿಪ್ರಿಯನ್ನರ ಮುಂದೆ ನಿಂತದ್ದೂ ಇದೇ ಪ್ರಶ್ನೆ: ಬಿದ್ದವರನ್ನು ಸಭೆ ಹೇಗೆ ಎತ್ತಿಕೊಳ್ಳಬೇಕು? ಸಿಪ್ರಿಯನ್ನರು ಪಶ್ಚಾತ್ತಾಪದ ಮಾರ್ಗವನ್ನು ಕಟ್ಟುನಿಟ್ಟಾಗಿ ಇಟ್ಟರೂ ಬಾಗಿಲನ್ನು ಮುಚ್ಚಲಿಲ್ಲ. ದ್ಯುಬ್ವಾ ಅವರೂ ಬರವಣಿಗೆಯಲ್ಲಿ ಕಠಿಣವಾಗಿದ್ದರು. ಕೈಕೆಲಸದಲ್ಲಿ ಬಂದವರನ್ನು ಸೇರಿಸಿಕೊಂಡರು.

ಸೇರಿಸಿಕೊಂಡರೆ ಸಾಲದು, ಅವರು ಬದುಕಬೇಕಲ್ಲವೇ? ಈ ಅಗತ್ಯದಿಂದಲೇ ದ್ಯುಬ್ವಾ ಅವರ ಬೇಸಾಯದ ವಸತಿಗಳು ಹುಟ್ಟಿದವು. ಅವುಗಳಲ್ಲಿ ಮುಖ್ಯವಾದುದು ಹಾಸನ ಸೀಮೆಯ ಸಾತಳ್ಳಿ. ಉಳಲು ನೆಲ, ಒಟ್ಟಿಗೆ ಇರಲು ಊರು, ಬಲಿಪೂಜೆಗೆ ಸೇರಲು ಒಂದು ಸ್ಥಳ ಇವು ಮೂರೂ ಒಂದೇ ಕಡೆ ಇದ್ದರೆ ಮಾತ್ರ ಚದುರಿದ ಜನ ಸಭೆಯಾಗಿ ನಿಲ್ಲಬಲ್ಲರು ಎಂಬುದನ್ನು ಅವರು ಕಂಡುಕೊಂಡಿದ್ದರು. ಸಿಡುಬಿನ ವಿರುದ್ಧ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡುವುದಕ್ಕೂ ಅವರು ಶ್ರಮಿಸಿದರು. 1803–04ರಲ್ಲಿ 25,432 ಜನರಿಗೆ ಲಸಿಕೆ ಹಾಕಿದ ಲೆಕ್ಕವು ಅವರ ಹೆಸರಿನೊಡನೆ ಸೇರಿಕೊಂಡಿದೆ. ಹಿಂದೂ ಜನರ ನಡೆನುಡಿಗಳನ್ನು ಕುರಿತು ಅವರು ಫ್ರೆಂಚಿನಲ್ಲಿ ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು.

ಆದರೆ 1823ರಲ್ಲಿ ದ್ಯುಬ್ವಾ ಭಾರತವನ್ನು ಬಿಟ್ಟುಹೋದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಸಂಪುಟದಲ್ಲಿ, ಹಿಂದೂಗಳು ಕ್ರೈಸ್ತರಾಗುವುದು ಅಸಾಧ್ಯವೆಂದು ಅವರು ವಾದಿಸಿದರು. ಇಷ್ಟು ವರ್ಷಗಳ ಸೇವೆಯಲ್ಲಿ, ದೇಶೀಯ ಗುರುವೊಬ್ಬರ ಸಹಾಯವಿದ್ದೂ, ತಾವು ಕ್ರೈಸ್ತರನ್ನಾಗಿ ಮಾಡಿದ್ದು 200ರಿಂದ 300 ಜನರನ್ನು ಮಾತ್ರವೆಂದು ಲೆಕ್ಕ ಕೊಟ್ಟರು. ಅವರಲ್ಲಿ ಮೂರನೆಯ ಎರಡು ಭಾಗ ಹೊಲೆಯರು ಅಥವಾ ಭಿಕ್ಷುಕರು, ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು ಎಂದು ಅವರು ಬರೆದರು. ಪ್ರೊಟೆಸ್ಟಂಟ್ ಮಿಷನರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಇದಕ್ಕೆ ಪುಸ್ತಕರೂಪದಲ್ಲಿ ಉತ್ತರ ಕೊಟ್ಟರು. ದ್ಯುಬ್ವಾ ಮುಂದೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದ ಮುಖ್ಯಸ್ಥರಾಗಿ, 1848ರಲ್ಲಿ ತೀರಿಕೊಂಡರು.

ಈ ಲೆಕ್ಕವನ್ನು ಇಂದು ನಾವು ಹೇಗೆ ಓದಬೇಕು? ಅದು ಸುಳ್ಳು ಲೆಕ್ಕವೇನಲ್ಲ. ಆದರೆ ಅದರಲ್ಲಿ ಎರಡು ಕುರುಡುಗಳಿವೆ. ಮೊದಲನೆಯದಾಗಿ, ಅದು ಹೊಸದಾಗಿ ಸೇರಿದವರನ್ನು ಮಾತ್ರ ಎಣಿಸುತ್ತದೆ. ಬಿದ್ದು ಮತ್ತೆ ಎದ್ದು ಬಂದವರನ್ನಾಗಲಿ, ಸಾತಳ್ಳಿಯಂತಹ ಊರುಗಳಲ್ಲಿ ನೇಗಿಲು ಹಿಡಿದು ನೆಲೆನಿಂತವರನ್ನಾಗಲಿ ಎಣಿಸುವುದಿಲ್ಲ. ಎರಡನೆಯದಾಗಿ, ಬಡವರೂ ಜಾತಿಹೀನರೆನಿಸಿಕೊಂಡವರೂ ಬಂದದ್ದನ್ನು ಅದು ಸೋಲಿನ ಸಾಕ್ಷಿಯಾಗಿ ಮುಂದಿಡುತ್ತದೆ. ಶುಭಸಂದೇಶದಲ್ಲಿ ಔತಣದ ಮನೆಗೆ ಮೊದಲು ಕರೆತರಲ್ಪಟ್ಟವರು ಯಾರೆಂಬುದನ್ನು ಬಲ್ಲ ಯಾಜಕನಿಗೆ ಆ ಪಟ್ಟಿ ನಾಚಿಕೆಯ ಪಟ್ಟಿಯಾಗಿ ಕಾಣಬೇಕಾಗಿರಲಿಲ್ಲ. ದ್ಯುಬ್ವಾ ಕೈಯಿಂದ ನೆಟ್ಟದ್ದು ಅವರ ಲೇಖನಿ ಬರೆದ ತೀರ್ಪಿಗಿಂತ ಹೆಚ್ಚು ಕಾಲ ಬಾಳಿತು. ಅವರು ಹೊರಟುಹೋದ ಸುಮಾರು ನಾಲ್ಕು ದಶಕಗಳಲ್ಲಿ ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಎತ್ತರದ ಕಮಾನುಗಳ ದೇವಾಲಯವೊಂದು ಎದ್ದಿತು.

ಕಟ್ಟಡದ ಕಾಲ

1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರತಿನಿಧಿ ಪ್ರಾಂತ್ಯವಾಯಿತು. ಅದರ ಮೊದಲ ಮುಖ್ಯಸ್ಥರು ಧರ್ಮಾಧ್ಯಕ್ಷ ಶಾರ್ಬೊನೊ. ಶೆಟ್ಟಿಹಳ್ಳಿಯ ದೇವಾಲಯವು ಎದ್ದದ್ದು ಅವರ ಕಾಲದಲ್ಲಿ. 1886ರಲ್ಲಿ ಭಾರತದಲ್ಲಿ ಧರ್ಮಾಧ್ಯಕ್ಷೀಯ ಶ್ರೇಣಿಯು ಸ್ಥಾಪನೆಯಾದಾಗ ಮೈಸೂರು ಧರ್ಮಪ್ರಾಂತ್ಯವಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ರಚನೆಯಾಗಿ ಹಾಸನ ಸೀಮೆಯು ಅದಕ್ಕೆ ಸೇರಿತು. ಅದರ ಮೊದಲ ಧರ್ಮಾಧ್ಯಕ್ಷರಾದ ಅಲ್ಫೋನ್ಸಸ್ ಮಥಾಯಸ್ ಅವರ ಕಾಲದಲ್ಲಿಯೇ ಹೇಮಾವತಿಯ ನೀರು ಏರಿತು. ಹೀಗೆ ಒಂದು ಹಳ್ಳಿಯ ದೇವಾಲಯವು ತಾನಿದ್ದ ಜಾಗದಿಂದ ಕದಲದೆ ಮೂರು ಆಡಳಿತಗಳನ್ನು ಕಂಡಿತು. ಕೊನೆಗೆ ಕದಲಬೇಕಾದವರು ಜನರು.

ಈ ದೇವಾಲಯವನ್ನು ಆಲೂರು, ಸಕಲೇಶಪುರದ ಕಾಫಿ ತೋಟಗಳ ಆಂಗ್ಲ ಮಾಲಿಕರಿಗಾಗಿ ಕಟ್ಟಲಾಯಿತೆಂದು ಪ್ರವಾಸಿ ಕೈಪಿಡಿಗಳಲ್ಲಿ ಬರೆದಿರುತ್ತದೆ. ದೊರೆಗಳು ಬಂದು ಅಲ್ಲಿ ಮೊಣಕಾಲೂರಿರಬಹುದು. ಆದರೆ ನೀರು ಬಂದಾಗ ಮನೆ ಕಳಚಿಕೊಂಡು ಹೊರಟವರು ದೊರೆಗಳಲ್ಲ. ಕನ್ನಡದಲ್ಲಿ ಜಪಮಾಲೆ ಹೇಳುವ ಒಕ್ಕಲು ಮಕ್ಕಳು. ಕಟ್ಟಡದ ಸೊಬಗು ನೋಡುಗರ ಕಣ್ಣನ್ನು ಯುರೋಪಿನತ್ತ ಎಳೆಯುತ್ತದೆ. ಒಡನೆಯೇ ಅದನ್ನು ಬಳಸಿದ ಜನ ಮರೆಯಾಗುತ್ತಾರೆ. ಮೊನಚು ಕಮಾನನ್ನು ಕಂಡು ಫ್ರಾನ್ಸನ್ನು ನೆನೆಯುವವನು, ಆ ಕಮಾನಿನ ಕೆಳಗೆ ನೂರು ವರ್ಷ ಮಳೆಗಾಗಿ, ಬೆಳೆಗಾಗಿ, ಹೆರಿಗೆಯ ಸುಖಕ್ಕಾಗಿ ಪ್ರಾರ್ಥಿಸಿದವರು ಯಾವ ಭಾಷೆಯಲ್ಲಿ ಪ್ರಾರ್ಥಿಸಿದರೆಂದು ಕೇಳುವುದಿಲ್ಲ.

ಹೇಮಾವತಿಯ ದಡದ ಬದುಕನ್ನು ಕನ್ನಡ ಓದುಗರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳಿಂದ ಬಲ್ಲರು. ಆ ನದಿಯನ್ನು ತಡೆದ ಅಣೆಕಟ್ಟು ಕೆಳಗಿನ ಸೀಮೆಯ ಎಷ್ಟೋ ಬರಡು ಹೊಲಗಳಿಗೆ ನೀರು ಕೊಟ್ಟಿತೆಂಬುದು ನಿಜ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಯಾರ ನೆಲದ ಮೇಲೆ ಆ ನೀರು ನಿಂತಿದೆ ಎಂಬುದನ್ನು ಮರೆಯುವುದೂ ನ್ಯಾಯವಲ್ಲ. ಸಭೆಯ ಸಾಮಾಜಿಕ ಬೋಧನೆಯಲ್ಲಿ ಸರ್ವಹಿತ ಎಂಬ ಮಾತಿಗೆ ಅರ್ಥವಿರಬೇಕಾದರೆ, ಆ ಹಿತಕ್ಕಾಗಿ ತೆತ್ತವರ ಹೆಸರು ಲೆಕ್ಕದಲ್ಲಿರಬೇಕು.

ದೂರದ ಒಂದು ಹೋಲಿಕೆ

ನೀರಿನಡಿ ಹೋದ ಗ್ರಾಮೀಣ ದೇವಾಲಯವು ನಮ್ಮ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ವೇಲ್ಸ್ ದೇಶದ ಲಾನ್‌ವುದಿನ್ ಎಂಬ ಹಳ್ಳಿಯ ಕಣಿವೆಯಲ್ಲಿ, ಲಿವರ್‌ಪೂಲ್ ನಗರಕ್ಕೆ ಕುಡಿಯುವ ನೀರು ಒದಗಿಸಲು 1880ರ ದಶಕದಲ್ಲಿ ವರ್ನ್ವಿ ಎಂಬ ಜಲಾಶಯವನ್ನು ಕಟ್ಟಿದರು. ಹಳ್ಳಿಯ ಹಳೆಯ ದೇವಾಲಯವನ್ನು ನೀರು ಏರುವ ಮೊದಲೇ ಕೆಡವಲಾಯಿತು. ಮೇಲಿನ ಗುಡ್ಡದಲ್ಲಿ ಹೊಸ ದೇವಾಲಯವನ್ನು ಕಟ್ಟಿ 1888ರಲ್ಲಿ ಪ್ರತಿಷ್ಠಿಸಿದರು. ಹಳೆಯ ಸಮಾಧಿಗಳಲ್ಲಿದ್ದ ಅವಶೇಷಗಳನ್ನು ಅಲ್ಲಿಗೆ ಒಯ್ದರು. ಸಂತ ವುದಿನ್ನರ ಹೆಸರೂ ಹೊಸ ದೇವಾಲಯಕ್ಕೆ ಬಂದಿತು. ಅದೇ ವೇಲ್ಸಿನ ಕಪೆಲ್ ಕೆಲಿನ್ ಎಂಬ ವೆಲ್ಷ್ ಭಾಷೆಯ ಹಳ್ಳಿಯು, ಅಲ್ಲಿಯ ಪ್ರಾರ್ಥನಾಮಂದಿರದೊಡನೆ, 1965ರಲ್ಲಿ ಅದೇ ನಗರದ ಇನ್ನೊಂದು ಜಲಾಶಯದಡಿ ಹೋಯಿತು. ವೇಲ್ಸಿನ ಸಂಸತ್ ಸದಸ್ಯರಲ್ಲಿ ಬಹುಪಾಲಿನವರ ವಿರೋಧವಿದ್ದೂ ಆ ಯೋಜನೆ ನಡೆಯಿತು. 2005ರಲ್ಲಿ ಲಿವರ್‌ಪೂಲ್ ನಗರಸಭೆಯು ಕ್ಷಮೆ ಕೇಳಿತು.

ಈ ಎರಡು ಕಣಿವೆಗಳಲ್ಲಿ ನಮಗೆ ಬೇಕಾದ ಪಾಠವು ಕಟ್ಟಡದ್ದಲ್ಲ. ಲಾನ್‌ವುದಿನ್ನಿನಲ್ಲಿ ಗೋಡೆಗಳು ಉಳಿಯಲಿಲ್ಲ; ಸತ್ತವರೂ ಹೆಸರೂ ಜನರೊಡನೆ ಗುಡ್ಡ ಹತ್ತಿದರು. ಆದ್ದರಿಂದ ಅಲ್ಲಿಯ ಧರ್ಮಕೇಂದ್ರವು ಮುರಿಯಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಗೋಡೆಗಳು ಉಳಿದವು. ಉಳಿದ ಕಾರಣದಿಂದಲೇ ಅವು ಜನರ ಸ್ಥಾನವನ್ನು ಕಸಿದುಕೊಳ್ಳುವಂತಾಗಿವೆ.

ಕಾನೂನು ಹೇಳುವುದೇನು

ಸಭೆಯ ಕಾನೂನನ್ನು ಅಭ್ಯಸಿಸುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1917ರ ಕಾನೂನು ಸಂಹಿತೆಯ 216ನೆಯ ನಿಯಮವು ಧರ್ಮಕೇಂದ್ರವನ್ನು ಧರ್ಮಪ್ರಾಂತ್ಯದ ಭೂಭಾಗವೆಂದು ಹೇಳಿ, ಆ ಭಾಗಕ್ಕೆ ಒಂದು ದೇವಾಲಯ, ಒಂದು ಜನಸಮೂಹ, ಒಬ್ಬ ಪಾಲಕ ಎಂದು ಗೊತ್ತುಪಡಿಸಿತ್ತು. ಅಲ್ಲಿ ಮೊದಲು ಬಂದದ್ದು ನೆಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಭೆಯನ್ನು ದೇವಪ್ರಜೆಯೆಂದು ಕಂಡ ಮೇಲೆ, 1983ರ ಸಂಹಿತೆಯ 515ನೆಯ ನಿಯಮವು ಧರ್ಮಕೇಂದ್ರವನ್ನು ಸ್ಥಿರವಾಗಿ ಸ್ಥಾಪಿತವಾದ ವಿಶ್ವಾಸಿಗಳ ಸಮುದಾಯವೆಂದು ವಿವರಿಸಿತು. ನೆಲದ ಮಾತು 518ನೆಯ ನಿಯಮದಲ್ಲಿ, ಸಾಮಾನ್ಯ ಪದ್ಧತಿಯಾಗಿ, ಆಮೇಲೆ ಬರುತ್ತದೆ. ಈ ಎರಡು ಸಂಹಿತೆಗಳ ನಡುವಿನ ಕಾಲದಲ್ಲಿಯೇ ಶೆಟ್ಟಿಹಳ್ಳಿ ಮುಳುಗಿತು. ಹಳೆಯ ನಿಯಮದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿಯ ಧರ್ಮಕೇಂದ್ರದ ನೆಲವೇ ಹೋಯಿತು. ಹೊಸ ನಿಯಮದ ಭಾಷೆಯಲ್ಲಿ ಹೇಳುವುದಾದರೆ ಅದು ಎತ್ತಿನ ಗಾಡಿಯ ಮೇಲೂ ಲಾರಿಯ ಮೇಲೂ ಬೇರೆ ಊರಿಗೆ ಹೋಗಬಲ್ಲದಾಗಿತ್ತು.

1212ನೆಯ ನಿಯಮವು ಇನ್ನೊಂದು ಮಾತನ್ನು ಸೇರಿಸುತ್ತದೆ. ಪವಿತ್ರ ಸ್ಥಳವು ಬಹುಪಾಲು ನಾಶವಾದರೆ ಅಥವಾ ಶಾಶ್ವತವಾಗಿ ಲೌಕಿಕ ಬಳಕೆಗೆ ಹೋದರೆ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ. ಕಲ್ಲು, ಇಟ್ಟಿಗೆ, ಗಾರೆಗಳಿಗೆ ಈ ನಿಯಮ ಅನ್ವಯಿಸುತ್ತದೆ. ಆದರೆ ಅಲ್ಲಿ ನೀಡಿದ ಸ್ನಾನದೀಕ್ಷೆಗೆ ಅನ್ವಯಿಸುವುದಿಲ್ಲ. ಸ್ನಾನದೀಕ್ಷೆ, ವಿವಾಹ ಮತ್ತು ಮರಣದ ದಾಖಲೆಗಳನ್ನು ಎಚ್ಚರದಿಂದ ಕಾಪಾಡಬೇಕೆಂದು 535ನೆಯ ನಿಯಮ ಆಜ್ಞಾಪಿಸುವುದರ ಅರ್ಥವೂ ಇದೇ. ದೇವಾಲಯ ಪಾಳಾದರೆ ಸಭೆಯು ಇನ್ನೊಂದನ್ನು ಕಟ್ಟಬಹುದು. ದಾಖಲೆ ಪುಸ್ತಕ ಗೆದ್ದಲಿಗೆ ಹೋದರೆ ಅಥವಾ ನೀರಿಗೆ ಬಿದ್ದರೆ ಅದನ್ನು ಮತ್ತೆ ಬರೆಯುವವರಿಲ್ಲ. ಗುರುಮಠದಲ್ಲಿ ನಾವು ಈ ನಿಯಮವನ್ನು ಕಚೇರಿಯ ಕೆಲಸವೆಂದು ಬೇಗ ದಾಟಿಹೋಗುತ್ತೇವೆ. ಮುಳುಗಡೆಯ ಊರಿನಲ್ಲಿ ನಿಂತು ಓದಿದರೆ ಅದು ಸಭಾಶಾಸ್ತ್ರದ ಪಾಠವಾಗುತ್ತದೆ.

ಇನ್ನೂ ಬರೆಯದ ಅಧ್ಯಾಯ

ಮೂರನೆಯ ರೀತಿಯ ಚರಿತ್ರೆಯನ್ನು ಬರೆಯುವುದು ಸುಲಭವಲ್ಲ. ಅದು ಸಭೆಯನ್ನು ಹೊಗಳುವ ಚರಿತ್ರೆಯೇ ಆಗಿರುತ್ತದೆಂಬ ಭರವಸೆಯೂ ಇಲ್ಲ. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳು ಮಲಬಾರ್ ಆಚರಣೆಗಳನ್ನು ನಿಷೇಧಿಸಿದ್ದರೂ ದಕ್ಷಿಣ ಭಾರತದ ಗ್ರಾಮೀಣ ಸಭೆಗಳಲ್ಲಿ ಜಾತಿಯ ಗೆರೆಗಳು ಅಳಿಸಿಹೋಗಲಿಲ್ಲ. ಆದ್ದರಿಂದ ಚರಿತ್ರಕಾರನು ಕೇಳಬೇಕು: ದೇವಾಲಯದಲ್ಲಿ ಯಾರು ಎಲ್ಲಿ ಕುಳಿತರು? ಯಾರಿಗೆ ಸ್ವಂತ ಹೊಲವಿತ್ತು, ಯಾರು ಪರರ ಹೊಲದಲ್ಲಿ ಕೂಲಿ ಮಾಡಿದರು? ಮುಳುಗಡೆಯ ಪರಿಹಾರವು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿದ್ದವರಿಗೆ ಸಿಗುತ್ತದೆ. ಹೆಸರಿಲ್ಲದ ಕೂಲಿಯವರು ಏನಾದರು? ದ್ಯುಬ್ವಾ ಅವರ ಪಟ್ಟಿಯ ಮೂರನೆಯ ಎರಡು ಭಾಗದ ಜನರಿಗೆ ಪುನರ್ವಸತಿಯ ಪಟ್ಟಿಯಲ್ಲಿ ಯಾವ ಸ್ಥಾನ ದೊರೆಯಿತೆಂದು ಸಭೆಯು ತನ್ನನ್ನೇ ಕೇಳಿಕೊಳ್ಳಬೇಕಾಗಿದೆ. ಈ ಪ್ರಶ್ನೆಗಳಿಗೆ ಉತ್ತರ ಕಮಾನುಗಳಲ್ಲಿಲ್ಲ. ಅದು ಹಿರಿಯರ ನೆನಪಿನಲ್ಲಿದೆ, ಮತ್ತು ನೆನಪಿಗೆ ವಯಸ್ಸಾಗುತ್ತಿದೆ. 1979ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರವತ್ತನ್ನು ದಾಟಿದ್ದಾರೆ.

ಈ ಕೆಲಸಕ್ಕೆ ಹೊರಗಿನ ವಿದ್ವಾಂಸರನ್ನು ಕಾಯಬೇಕಾಗಿಲ್ಲ. ರಜೆಯಲ್ಲಿ ಹಳ್ಳಿಗೆ ಹೋಗುವ ಗುರು ಅಭ್ಯರ್ಥಿಯು ಒಬ್ಬ ಅಜ್ಜಿಯ ಬಳಿ ಕುಳಿತು, ಹಳೆಯ ದೇವಾಲಯದಲ್ಲಿ ಕೊನೆಯ ಬಲಿಪೂಜೆ ಹೇಗೆ ನಡೆಯಿತು, ಮನೆಯಿಂದ ಏನನ್ನು ಮೊದಲು ಎತ್ತಿಕೊಂಡಿರಿ, ಹೊಸ ಊರಿನಲ್ಲಿ ಮೊದಲ ಪ್ರಾರ್ಥನೆಯನ್ನು ಯಾರ ಜಗುಲಿಯಲ್ಲಿ ಮಾಡಿದಿರಿ ಎಂದು ಕೇಳಿ, ಆಕೆಯ ಮಾತನ್ನು ಆಕೆಯ ಮಾತಿನಲ್ಲಿಯೇ ಬರೆದುಕೊಂಡರೆ ಸಾಕು. ಫ್ರೆಂಚ್ ಗುರುಗಳು ತಮ್ಮ ಸಂಸ್ಥೆಗೆ ಬರೆದ ಪತ್ರಗಳಿಂದ ನೆಟ್ಟವರ ಚರಿತ್ರೆ ತಿಳಿಯುತ್ತದೆ. ನೆಲೆನಿಂತವರ ಚರಿತ್ರೆಗೆ ಕನ್ನಡದ ಕಿವಿ ಬೇಕು.

ಉಳವಿಯ ಸೀಮೆಗೆ ಮರಳೋಣ. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿ ಸಿದ್ದಿ ಜನರ ಹಾಡಿಗಳಿವೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ದಾಸರಾಗಿ ತರಲ್ಪಟ್ಟು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೆಂದು ಹೇಳಲಾಗುವ ಈ ಜನರಲ್ಲಿ ಹಿಂದೂಗಳೂ ಮುಸಲ್ಮಾನರೂ ಕಥೋಲಿಕರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಈ ಕಥೋಲಿಕರ ವಿಶ್ವಾಸವು ಕಾಡಿಗೆ ಬಂದಾಗ ಅದರೊಡನೆ ಗೋಪುರ ಬರಲಿಲ್ಲ, ಗಂಟೆ ಬರಲಿಲ್ಲ. ಓಡಿಹೋಗುವವನು ಹೊತ್ತೊಯ್ಯಬಲ್ಲಷ್ಟೇ ಬಂದಿತು. ಹಾಗಿದ್ದೂ ಅದು ಉಳಿಯಿತು. 1976ರಲ್ಲಿ ರಚನೆಯಾದ ಕಾರವಾರ ಧರ್ಮಪ್ರಾಂತ್ಯದಲ್ಲಿ ಸೇವೆಗೆ ಬರುವ ಯುವ ಗುರುಗಳು, ಇಲ್ಲಿ ಚರಿತ್ರೆಯಿಲ್ಲ, ಹಳೆಯ ಕಟ್ಟಡಗಳಿಲ್ಲ ಎಂದು ಕೆಲವೊಮ್ಮೆ ಹೇಳುವುದುಂಟು. ಶೆಟ್ಟಿಹಳ್ಳಿಯ ಚರಿತ್ರೆಯು ಆ ಮಾತನ್ನು ತಿದ್ದುತ್ತದೆ.

ಈ ವರ್ಷವೂ ಮಳೆಗಾಲದಲ್ಲಿ ಹೇಮಾವತಿಯ ಜಲಾಶಯ ತುಂಬುತ್ತದೆ. ಪ್ರವಾಸಿಗರು ದಡದಲ್ಲಿ ನಿಂತು, ನೀರಿನ ನಡುವೆ ನಿಂತ ಗೋಡೆಗಳ ಚಿತ್ರ ತೆಗೆಯುತ್ತಾರೆ. ಅದೇ ಭಾನುವಾರ, ಆ ಗೋಡೆಗಳೊಳಗೆ ಸ್ನಾನದೀಕ್ಷೆ ಪಡೆದವರ ಮಕ್ಕಳೂ ಮೊಮ್ಮಕ್ಕಳೂ ಬೇರೆ ಊರಿನ ಬೇರೆ ಛಾವಣಿಯಡಿ ಬಲಿಪೂಜೆಗೆ ಸೇರುತ್ತಾರೆ. ಧರ್ಮಕೇಂದ್ರದ ಚರಿತ್ರೆಯನ್ನು ಬರೆಯಬಯಸುವವನು ದಡದಲ್ಲಿ ಬೆನ್ನು ತಿರುಗಿಸಿ ನಿಂತು, ಆ ಎರಡನೆಯ ಮನೆಯತ್ತ ನಡೆಯಬೇಕು.